ಮೂರನೇ ಸಿಲಿಂಡರ್ ಕೊನೆಗೂ ಉಳಿಯಿತು: ಫಾರ್ಮುಲಾ ವೀ ಎಂಜಿನ್ ಕಟ್ಟಿದ ನನ್ನ ಅನುಭವ

ಹೋದ ಅಕ್ಟೋಬರ್‌ನಲ್ಲಿ ನನ್ನ ಫಾರ್ಮುಲಾ ವೀ ಕಾರಿನ (ಫೋಕ್ಸ್‌ವ್ಯಾಗನ್ ಬೀಟಲ್ ಭಾಗಗಳಿಂದ ಕಟ್ಟುವ ಒಂದೇ ಸೀಟಿನ ರೇಸ್ ಕಾರು) ಎಂಜಿನ್ ಇಳಿಸಿ ಬಿಚ್ಚಿದೆ. ಪ್ರಾಕ್ಟೀಸು, ಕ್ವಾಲಿಫೈಯಿಂಗು, ರೇಸು ಎಲ್ಲ ಸೇರಿ ಸುಮಾರು 14 ಗಂಟೆ ಓಡಿತ್ತು. ಮೊದಲಿನಿಂದ ಕಾಟ ಕೊಡುತ್ತಿದ್ದ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ (ಸುಟ್ಟ ಹೊಗೆ ಹೊರಬಿಡುವ ಕವಾಟ) ಹಿಡಿದು ಅಲ್ಲಾಡಿಸಿದೆ. ಅದು ಜಾರುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಬಿಗಿಯಾಗಿ ಕೂತಿತ್ತು. ವಾಲ್ವ್ ಮುಚ್ಚಿ ಕೂರುವ ಸೀಟಿನ ಗುರುತು ಸುತ್ತಲೂ ಒಂದೇ ಅಗಲ. ನಾಲ್ಕೂ ಪಿಸ್ಟನ್ನಿನ ತಲೆ ಒಂದೇ ಬಣ್ಣ, ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಮೂರು ಸೀಸನ್‌ನಿಂದ ಇದನ್ನು ನೋಡಬೇಕು ಅಂತ ಕಾಯುತ್ತಿದ್ದೆ. "ಈ ಹಳೇ ಮೆಗ್ನೀಶಿಯಂ ಕೇಸ್ ಎಸೆದುಬಿಡು, ಕಟ್ಟಿದ ಎಂಜಿನ್ನೇ ತಗೋ" ಅಂದವರು ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಒಬ್ಬಿಬ್ಬರಲ್ಲ. ಕೇಸ್ ಅಂದರೆ ಕ್ರ್ಯಾಂಕ್ ಕೂರುವ, ಎಂಜಿನ್ನಿನ ಹೊರಗವಚ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿ ಹತ್ತಿರ. ಕಾರು 1960ರ ದಶಕದ ಕೊನೆಯ ಆಟೋಡೈನಮಿಕ್ಸ್. ಎಂಜಿನ್ ಬೀಟಲ್‌ನ 1192 ಸಿಸಿ, 77 ಮಿ.ಮೀ. ಬೋರ್, 64 ಮಿ.ಮೀ. ಸ್ಟ್ರೋಕ್. ಬ್ಲ್ಯಾಕ್‌ಹಾಕ್ ಫಾರ್ಮ್ಸ್‌ನಂಥ 3 ಕಿ.ಮೀ. ಟ್ರ್ಯಾಕಿನಲ್ಲಿ ಈ ಎಂಜಿನ್ ಎಷ್ಟು ದಿನ ಬೇಕಾದರೂ ಓಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ಎತ್ತುವ ಜಾಗ ಅಲ್ಲಿ ಬೇಕಾದಷ್ಟಿದೆ. ರೋಡ್ ಅಮೆರಿಕಾ ಹಾಗಲ್ಲ. ಒಂದು ಲ್ಯಾಪ್ 6.5 ಕಿ.ಮೀ. ನಲವತ್ತು ಚಿಲ್ಲರೆ ಕುದುರೆ ಶಕ್ತಿಯ ಕಾರಲ್ಲಿ ಅಲ್ಲಿ ಕಾಲು ಎತ್ತುವ ಪ್ರಸಂಗವೇ ಕಮ್ಮಿ. ನನ್ನ ಎಂಜಿನ್‌ಗಳು ಸತ್ತಿದ್ದೆಲ್ಲ ಅಲ್ಲೇ.

ಮೊದಲನೆಯದು ದುಡ್ಡು ಕೊಟ್ಟು ಕಟ್ಟಿಸಿದ್ದು. ಸುಮಾರು 4,500 ಡಾಲರ್. ಮೂರನೇ ವಾರಾಂತ್ಯ, ರೋಡ್ ಅಮೆರಿಕಾದ ಕಿಂಕ್ ಅನ್ನುವ ತಿರುವು ದಾಟಿ ಕೆನಡಾ ಕಾರ್ನರ್ ಅನ್ನುವ ತಿರುವಿನ ಕಡೆ ಇಳಿಯುವಾಗ ಡಬ್ಬಿಯಲ್ಲಿ ಬೋಲ್ಟ್ ಹಾಕಿ ಕುಲುಕಿದ ಹಾಗೆ ಸದ್ದು. ಮೂರರ ಎಕ್ಸಾಸ್ಟ್ ವಾಲ್ವಿನ ತಲೆ ಕಳಚಿ ಪಿಸ್ಟನ್ನಿಗೆ ಹೊಡೆದಿತ್ತು. ಹೆಡ್ಡು (ಸಿಲಿಂಡರಿನ ಮೇಲ್ಮುಚ್ಚಳ), ಪಿಸ್ಟನ್ನು, ಬ್ಯಾರೆಲ್ಲು (ಸಿಲಿಂಡರಿನ ಕೊಳವೆ), ಕನೆಕ್ಟಿಂಗ್ ರಾಡು ಎಲ್ಲ ಹೋಯಿತು. ಕೇಸು ಮಾತ್ರ ಉಳಿಯಿತು. ಇನ್ನು ಮುಂದೆ ನಾನೇ ಕಟ್ಟುತ್ತೇನೆ ಅಂತ ಅವತ್ತು ರಾತ್ರಿ ಟ್ರೇಲರ್‌ಗೆ ಕಾರು ಹತ್ತಿಸುವಾಗಲೇ ತೀರ್ಮಾನ ಮಾಡಿದೆ.

ಕೇಸಿನ ಮೇನ್ ಬೇರಿಂಗ್ ಬೋರ್‌ಗಳು, ಅಂದರೆ ಕ್ರ್ಯಾಂಕ್ ಬೇರಿಂಗ್ ಕೂರುವ ರಂಧ್ರಗಳು, ಅಂಡಾಕಾರಕ್ಕೆ ತಿರುಗಿದ್ದವು. ಲೈನ್ ಬೋರ್ ಮಾಡಿಸಿ (ಒಂದೇ ಸಾಲಿಗೆ ದುಂಡಗೆ ಕೊರೆಸಿ) ಮೊದಲ ಓವರ್‌ಸೈಜ್ ಬೇರಿಂಗ್ ಹಾಕಿದೆ. ಕೇಸಿನ ಎರಡು ಭಾಗ ಕೂಡಿಸಿ ನಟ್ ಬಿಗಿ ಮಾಡುತ್ತಾ ಹೋದೆ. ಅರ್ಧ ಬಿಗಿಯಾದಾಗ ಕ್ರ್ಯಾಂಕ್ ಭಾರ ಅನ್ನಿಸಿತು. ಹೊಸ ಬೇರಿಂಗ್ ತಾನೇ ಅಂತ ಪೂರ್ತಿ ಬಿಗಿ ಮಾಡಿದೆ. ಕ್ರ್ಯಾಂಕ್ ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಒಂದು ಬೇರಿಂಗ್, ಅದನ್ನು ಜಾಗದಲ್ಲಿ ಹಿಡಿಯುವ ಡವೆಲ್ ಪಿನ್ನಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಪಿನ್ನಿನ ಅಚ್ಚು ಬೇರಿಂಗ್ ಬೆನ್ನಿನ ಮೇಲೆ ದುಂಡಗೆ, ನಾಣ್ಯ ಒತ್ತಿದ ಹಾಗೆ ಬಿದ್ದಿತ್ತು. ಬೇರಿಂಗ್ ಸೆಟ್ 90 ಡಾಲರ್, ಜೊತೆಗೆ ಒಂದು ವಾರ ಹೋಯಿತು. ಈಗ ಒಂದೊಂದು ನಟ್ ಬಿಗಿ ಮಾಡಿದಾಗಲೂ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಫ್ಲೈವೀಲ್ ನಟ್‌ಗೆ ದೊಡ್ಡ ಟಾರ್ಕ್ ಪಾನ (ಬಿಗಿತ ಅಳೆಯುವ ಸ್ಪ್ಯಾನರ್) ಕೊಳ್ಳಲಿಲ್ಲ. ಬೇಕಾಗಿರುವುದು 30 ಕೆ.ಜಿ.-ಮೀಟರ್. ನನ್ನ ತೂಕ 75 ಕೆ.ಜಿ. ಪಾನಕ್ಕೆ ತೂರಿಸಿದ ಪೈಪನ್ನು ನೆಲಕ್ಕೆ ಸಮನಾಗಿ ಹಿಡಿದು ನಟ್‌ನಿಂದ 40 ಸೆಂ.ಮೀ. ದೂರದಲ್ಲಿ ಪೂರ್ತಿ ಭಾರ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಎಂಜಿನ್ ಚೆನ್ನಾಗಿಯೇ ಕಟ್ಟಿದ್ದೆ. ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಅಳತೆ) 0.10 ಮಿ.ಮೀ., ಇಂಧನ ಉರಿಯುವ ನಾಲ್ಕೂ ಚೇಂಬರ್‌ಗಳ ವ್ಯತ್ಯಾಸ ಅರ್ಧ ಸಿಸಿ ಒಳಗೆ. ಆದರೂ ರೋಡ್ ಅಮೆರಿಕಾದಲ್ಲಿ ಪ್ರತಿ ಸೆಶನ್ ಮುಗಿದು ತಣ್ಣಗಾದ ಮೇಲೆ ನೋಡಿದರೆ ಮೂರರ ಎಕ್ಸಾಸ್ಟ್ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಿ) 6 ಥೌನಿಂದ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) 3ಕ್ಕೆ ಇಳಿದಿರುತ್ತಿತ್ತು. ವಾಲ್ವ್ ಉದ್ದ ಆಗುತ್ತಿದೆ ಅಂತ ಅರ್ಥ. ಎರಡು ಸಲ ಗ್ಯಾಪ್ ಸರಿಮಾಡಿ, ಮೂರನೇ ಸಲ ರೇಸ್ ಬಿಟ್ಟು ಮನೆಗೆ ಬಂದೆ. ಕೊಟ್ಟ ಎಂಟ್ರಿ ಫೀಸು ಹೋಯಿತು. ಆದರೆ ಹೆಡ್ ಉಳಿಯಿತು.

ಎಲ್ಲರೂ ಹೇಳಿದ್ದು ಒಂದೇ. "ಬೀಟಲ್ ಎಂಜಿನ್‌ನಲ್ಲಿ ಮೂರು ಬಿಸಿ ಆಗೋದೇ, ಆಯಿಲ್ ಕೂಲರ್ ಗಾಳಿ ತಿನ್ನುತ್ತೆ." ರಸ್ತೆ ಕಾರಿಗೆ ಇದು ನಿಜ. ಫ್ಯಾನ್ ಹೌಸಿಂಗ್ ಒಳಗಿನ ಕೂಲರ್ ಮೂರರ ಗಾಳಿಗೆ ಅಡ್ಡ ನಿಲ್ಲುತ್ತದೆ. ಆದರೆ ನಮ್ಮ ಕಾರಲ್ಲಿ ಫ್ಯಾನೂ ಇಲ್ಲ, ಹೌಸಿಂಗೂ ಇಲ್ಲ! ಮತ್ತೆ ಕೂಲರ್ ಮಾತು ಯಾಕೆ? ಇಷ್ಟು ಸರಳವಾದ ಪ್ರಶ್ನೆ ನನಗೂ ಎರಡು ವರ್ಷ ಹೊಳೆದಿರಲಿಲ್ಲ.

ಹೊಳೆಸಿದವರು ಮೈಸೂರಿನಲ್ಲಿರುವ ನನ್ನ ಸೋದರಮಾವ. ಜಾವಾ, ಯೆಜ್ಡಿ ಎಂಜಿನ್ ಬಿಚ್ಚುತ್ತಲೇ ಜೀವನ ಕಳೆದವರು. ನಾನು ಪಾನ ಹಿಡಿಯಲು ಕಲಿತಿದ್ದು ಅವರ ಹತ್ತಿರ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತೆ ನೋಡಿದ್ಯೇನೋ?" ಅಂದರು. ಇಲ್ಲ ಮಾವ ಅಂದೆ. "ಮೊದ್ಲು ಅದು ನೋಡು. ಫಿನ್ನು ಕಣ್ಣಿಗೆ ಹತ್ರ ಹಿಡಿದು ನೋಡು, ಬೆಳಕು ಆಚೆ ಬರಬೇಕು."

ಹೆಡ್ಡನ್ನು ಟ್ಯೂಬ್‌ಲೈಟ್ ಕಡೆ ಎತ್ತಿ ಹಿಡಿದೆ. ಪ್ಲಗ್ ಸುತ್ತ, ಎಕ್ಸಾಸ್ಟ್ ಪೋರ್ಟ್ ಪಕ್ಕದ ಫಿನ್‌ಗಳ (ಬಿಸಿಯನ್ನು ಗಾಳಿಗೆ ಬಿಡುವ ತೆಳು ರೆಕ್ಕೆಗಳು) ನಡುವೆ ಬೆಳಕೇ ಇಲ್ಲ. ಎರಕ ಹೊಯ್ಯುವಾಗ ಉಳಿದ ಅಲ್ಯೂಮಿನಿಯಂ ಪೊರೆ, ಹಾಲಿನ ಕೆನೆಯಷ್ಟು ತೆಳ್ಳಗೆ, ಸಂದಿಗಳನ್ನು ಮುಚ್ಚಿಕೊಂಡಿತ್ತು. ಹೊಸ ಹೆಡ್ಡು, ಆದರೂ ಹೀಗೆ. ಹ್ಯಾಕ್ಸಾ ಬ್ಲೇಡ್ ತುಂಡು ಮಾಡಿ, ಒಂದು ತುದಿಗೆ ಟೇಪ್ ಸುತ್ತಿ, ಒಂದೊಂದೇ ಸಂದಿ ಬಿಡಿಸಿದೆ. ಎರಡು ಹೆಡ್‌ಗೆ ಎರಡು ಸಂಜೆ ಹಿಡಿಯಿತು. ಇಲ್ಲಿ ಅವಸರ ಮಾಡಬೇಡಿ. ಫಿನ್ ಮುರಿದರೆ ಅದು ಹೋದ ಹಾಗೆಯೇ.

ಆಮೇಲೆ ಗಾಳಿ. ಬೀಟಲ್‌ನಲ್ಲಿ ಎಂಜಿನ್ ಗೇರ್‌ಬಾಕ್ಸಿನ ಹಿಂದೆ. ವೀಯಲ್ಲಿ ಮುಂದೆ. ಹಾಗಾಗಿ ಫ್ಲೈವೀಲ್ ಕಡೆಯ 1 ಮತ್ತು 3 ಹಿಂದಕ್ಕೆ ಬರುತ್ತವೆ, 2 ಮತ್ತು 4ರ ಮರೆಯಲ್ಲಿ. ಜೊತೆಗೆ ನನ್ನ ಕಾರಲ್ಲಿ ಮೂರರ ಕಡೆಗೇ ಆಯಿಲ್ ಕ್ಯಾಚ್ ಟ್ಯಾಂಕ್ (ಎಂಜಿನ್‌ನಿಂದ ಉಕ್ಕಿದ ಆಯಿಲ್ ಹಿಡಿಯುವ ಡಬ್ಬಿ) ಕೂರಿಸಿದ್ದರು. ಹೆಡ್ ಮತ್ತು ಬ್ಯಾರೆಲ್ ಮೇಲೆಲ್ಲ ಟೇಪಿನಲ್ಲಿ ಉಣ್ಣೆ ನೂಲಿನ ತುಂಡು ಅಂಟಿಸಿ, ಸಣ್ಣ ಕ್ಯಾಮೆರಾ ಕಟ್ಟಿ, ಪ್ರಾಕ್ಟೀಸ್ ದಿನ ಎರಡು ನಿಧಾನದ ಲ್ಯಾಪ್ ಹೊಡೆದೆ. ಮುಂದಿನ ನೂಲುಗಳು ನೆಟ್ಟಗೆ ಹಾರುತ್ತಿದ್ದವು. ಮೂರರ ಮೇಲಿನ ನೂಲು ಸುಮ್ನೆ ಅಲ್ಲೇ ಸುತ್ತುತ್ತಿತ್ತು. ಒಂದೆರಡು ಕಡೆ ಮುಂದಕ್ಕೇ ತಿರುಗಿ ನಿಂತಿತ್ತು. ಆ ವಿಡಿಯೋ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಟ್ಯಾಂಕ್ ಕಿತ್ತು ಗೇರ್‌ಬಾಕ್ಸ್ ಮೇಲೆ ಕೂರಿಸಿದೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರ ಮೇಲೆ ಒಂದು ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಎರಡೂ ಕಡೆಗೆ ಬ್ಯಾಫಲ್ (ಗಾಳಿಯನ್ನು ತಿರುಗಿಸುವ ತಗಡು) ಮಾಡಿದೆ. ತಗಡಿಗೆ ಕೊಟ್ಟಿದ್ದು 18 ಡಾಲರ್. ಮೊದಲನೆಯದು ಗಾಳಿಯನ್ನು ಹಿಂದಕ್ಕೆ ಜಾಸ್ತಿ ತಳ್ಳಿ ನಾಲ್ಕನ್ನು ಬಿಸಿ ಮಾಡಿತು. ಎರಡನೆಯದು ಎರಡನೇ ಸೆಶನ್‌ನಲ್ಲೇ ನಡುಕಕ್ಕೆ ಸೀಳಿತು. ಐದನೆಯದು ನಿಂತಿತು. ಗಾಳಿ ತಡೆದು ಒಳಗೆ ನೂಕುವುದಷ್ಟೇ ಸಾಲದು, ಬಿಸಿ ಗಾಳಿ ಕೆಳಗಿನಿಂದ ಹೊರಗೆ ಹೋಗಲು ದಾರಿ ಬೇಕು. ಅರ್ಧ ಕೆಲಸ ಅಲ್ಲಿದೆ. ಹಿಂದಿನ ತುಟಿಯನ್ನು ಎಷ್ಟು ಮಡಚಿದ್ದೇನೆ, ಬ್ಯಾರೆಲ್‌ನಿಂದ ಎಷ್ಟು ದೂರ ಇಟ್ಟಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಸೀಸನ್‌ನಲ್ಲೂ ಅದೇ ಜನರ ಜೊತೆ ಓಡಬೇಕಲ್ವಾ.

ಪ್ಲಗ್ ಕೆಳಗೆ ವಾಷರ್ ಥರದ ಸೆನ್ಸರ್ ಹಾಕಿ ನೋಡಿದ ಲೆಕ್ಕ, ನೆನಪಿದ್ದಷ್ಟು: ಮೊದಲು ಮೂರನೇ ಸಿಲಿಂಡರ್ 240 ಡಿಗ್ರಿ ಸೆಲ್ಸಿಯಸ್, ನಾಲ್ಕನೆಯದು 195ರ ಆಸುಪಾಸು. ಫಿನ್ ಬಿಡಿಸಿ ಟ್ಯಾಂಕ್ ಸರಿಸಿದ ಮೇಲೆ ಮೂರು 220. ಬ್ಯಾಫಲ್ ಆದ ಮೇಲೆ ನಾಲ್ಕೂ 190ರಿಂದ 205ರ ಒಳಗೆ, ಜುಲೈ ಬಿಸಿಲಿನಲ್ಲಿ. ಟ್ಯಾಪೆಟ್ ಗ್ಯಾಪ್ ಇಡೀ ವಾರಾಂತ್ಯ ಕದಲಲಿಲ್ಲ.

ನಡುವೆ ಹರಳೆಣ್ಣೆ ಪ್ರಯೋಗವನ್ನೂ ಮಾಡಿದೆ. ಹಿಂದೆ ರೇಸ್ ಎಂಜಿನ್‌ಗಳಿಗೆ ಅದನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಅನ್ನುವ ಹೆಸರೇ ಅದರಿಂದ ಬಂದದ್ದು. ಹರಳೆಣ್ಣೆ ಆಧಾರದ ರೇಸಿಂಗ್ ಆಯಿಲ್ ಹಾಕಿ ಒಂದು ವಾರಾಂತ್ಯ ಓಡಿಸಿದೆ. ವಾಸನೆ ಬಲು ಇಷ್ಟ ಆಯಿತು, ಅಜ್ಜಿ ತಲೆಗೆ ಹಚ್ಚುತ್ತಿದ್ದ ದಿನಗಳ ನೆನಪು. ಬಿಸಿ ಕಮ್ಮಿ ಆಗಲಿಲ್ಲ. ಮೂರು ವಾರ ನಿಲ್ಲಿಸಿ ತೆಗೆದರೆ ಆಯಿಲ್ ಸ್ಟ್ರೈನರ್ ಮೇಲೆ ಬೆಲ್ಲದ ಪಾಕದಂಥ ಅಂಟು. ಪೂರ್ತಿ ತೊಳೆದು ಮಾಮೂಲಿ ಆಯಿಲ್‌ಗೆ ವಾಪಸ್ ಬಂದೆ. ಮೂರನ್ನು ಎರಡು ಮೂರು ಡಿಗ್ರಿ ತಡವಾಗಿ ಹೊತ್ತಿಸುವ ಹಳೇ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕೂಡ ತೆಗೆದು ಹಾಕಿದೆ. ಈಗ ಅದು ಬೇಕಿಲ್ಲ. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ತೂತು) ಒಂದು ಸೈಜ್ ಬದಲಾಯಿಸಿದ್ದೇನೆ, ಯಾವ ಕಡೆಗೆ ಅಂತ ಹೇಳುವುದಿಲ್ಲ.

ಒಟ್ಟು ಖರ್ಚು 2,700 ಡಾಲರ್ ಆಗಿರಬಹುದು. ಹೆಡ್ ಮತ್ತು ವಾಲ್ವ್ ಕೆಲಸಕ್ಕೆ 700, ಲೈನ್ ಬೋರಿಗೆ 200ರ ಹತ್ತಿರ, ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಇನ್ನೊಂದು 200. ಉಳಿದದ್ದು ಪಿಸ್ಟನ್, ಬೇರಿಂಗ್, ಸೆನ್ಸರ್. ಕೆಟ್ಟ ಬೇರಿಂಗ್ ಸೆಟ್, ಬಿಟ್ಟುಬಂದ ಎಂಟ್ರಿ ಫೀಸು ಇದರಲ್ಲಿ ಸೇರಿಲ್ಲ. ಲ್ಯಾಪ್ ಟೈಮ್ ನಾಲ್ಕು ಸೆಕೆಂಡಿನಷ್ಟು ಇಳಿಯಿತು. ಶಕ್ತಿ ಹೆಚ್ಚಾಗಿದ್ದಕ್ಕಲ್ಲ, ಕೊನೆಯ ಲ್ಯಾಪಿನಲ್ಲೂ ಮೊದಲ ಲ್ಯಾಪಿನ ಹಾಗೆ ಕಾಲು ಒತ್ತಿ ಹಿಡಿಯಬಹುದು ಅನ್ನುವ ಧೈರ್ಯಕ್ಕೆ. ಜುಲೈ ರೇಸ್ ಆದ ಮೇಲೆ, ಕೇಸ್ ಎಸೆಯಲು ಹೇಳಿದ್ದವರಲ್ಲಿ ಇಬ್ಬರು ಟಾರ್ಚ್ ಹಿಡಿದು ಬಂದು ಬ್ಯಾಫಲ್ ಕೆಳಗೆ ಬಗ್ಗಿ ನೋಡಿದರು.

ಈ ಚಳಿಗಾಲಕ್ಕೆ ರಿಂಗು, ರಾಡ್ ಬೇರಿಂಗು ಮಾತ್ರ ಹೊಸದು. ಕೇಸ್ ಅದೇ. ಒಬ್ಬರು ಕೊಡಲು ಒಪ್ಪಿದ್ದ ಇನ್ನೊಂದು ಹಳೇ ಕೇಸ್ ಮೊನ್ನೆ ಮನೆಗೆ ತಂದೆ. ಅದರ ಜೊತೆ ಬಂದ ಹೆಡ್‌ಗಳನ್ನು ನಿನ್ನೆ ರಾತ್ರಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅಲ್ಲೂ ಪೊರೆ ಇತ್ತು.