ನೈಟ್ ಶಿಫ್ಟಿನವನಿಗೆ ಹಿಂದಿನ ಕೋಣೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಾನು ಬಳ್ಳಾರಿಯ ಒಂದು ಪಿಜಿಯಲ್ಲಿದ್ದೆ. ಒಂದು ಕೋಣೆಗೆ ಮೂರು ಮಂಚ. ನೈಟ್ ಶಿಫ್ಟ್ ಮುಗಿಸಿ ಬಸ್ಸಿಳಿದು ಏಳೂವರೆಗೆ ಮಲಗಿದರೆ ಎಂಟಕ್ಕೆ ಪಕ್ಕದವನ ಅಲಾರಂ, ಒಂಬತ್ತಕ್ಕೆ ಕಸ ಗುಡಿಸುವವರು, ಹತ್ತಕ್ಕೆ ಕರೆಂಟು ಹೋಗಿ ಫ್ಯಾನು ಬಂದ್. ಆರು ತಿಂಗಳಿಗೆ ಸಾಕುಸಾಕಾಯಿತು.

ಬೆಂಗಳೂರಿನಲ್ಲಿ ಕೋ-ಲಿವಿಂಗ್ ಅಂತ ಕಂಪನಿಗಳೇ ಮನೆ ಹಿಡಿದು, ಮಂಚ, ವೈಫೈ, ಕ್ಲೀನಿಂಗ್ ಎಲ್ಲ ಸೇರಿಸಿ ಬಾಡಿಗೆ ತಗೋತಾರೆ. ನಾವು ನಾಲ್ವರು ಕಂಪನಿಯ ಹಂಗಿಲ್ಲದೆ ಅದನ್ನೇ ಮಾಡಿದೆವು. ನಾನು, ಬ್ಯಾಂಕಿನಲ್ಲಿದ್ದ ಗದಗದ ಗೆಳೆಯ, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಇನ್ನೊಬ್ಬ.

ಮನೆ ಗಾಂಧಿನಗರದಲ್ಲಿ. ಮೇಲಿನ ಮಹಡಿಯಲ್ಲಿ ಮನೆ ಒಡತಿ ಅಜ್ಜಿ. “ಯಾರಿಗಾದ್ರೂ ಮದುವಿ ಆಗೇತೇನಪಾ?” ಅಂತ ಕೇಳಿದರು. ಇಲ್ಲ ಅಂದೆವು. “ಹಂಗಾದ್ರ ಮನಿ ಕೊಡೂದಿಲ್ಲ.” ಬ್ಯಾಂಕಿನವನ ಐಡಿ ಕಾರ್ಡ್ ನೋಡಿದ ಮೇಲೆ ಮೆತ್ತಗಾದರು. ಅಜ್ಜಿಯ ಪಿಂಚಣಿ ಅದೇ ಬ್ಯಾಂಕಿಗೆ ಬರುತ್ತಿತ್ತು.

ಬಾಡಿಗೆ 14,000. ಸಮ ಹಂಚಿದ್ದರೆ ತಲೆಗೆ 3,500. ನಾವು ಹಾಗೆ ಹಂಚಲಿಲ್ಲ. ಮಾಡಿದ್ದರಲ್ಲಿ ಅದೊಂದು ಬುದ್ಧಿವಂತಿಕೆ. ಹಿಂದಿನ ಕೋಣೆಗೆ ರಸ್ತೆಯ ಸದ್ದಿಲ್ಲ, ಕಿಟಕಿಗೆ ಪೇಪರ್ ಅಂಟಿಸಿದರೆ ಹಗಲಲ್ಲೂ ಗವ್ವೆನ್ನುವ ಕತ್ತಲೆ. ಅದು ನನಗೆ, 4,500. ನಡುವಿನದು ಲ್ಯಾಬಿನವನಿಗೆ, 3,500. ಮುಂದಿನ ದೊಡ್ಡ ಕೋಣೆಯ ಇಬ್ಬರಿಗೆ ತಲಾ 3,000. ಅಡ್ವಾನ್ಸ್ 70,000ವನ್ನೂ ಇದೇ ಲೆಕ್ಕದಲ್ಲಿ ಹಾಕಿದೆವು. ಯಾರಾದರೂ ಬಿಟ್ಟು ಹೋದರೆ ಹೊಸಬ ಆ ಪಾಲನ್ನು ಹೋಗುವವನಿಗೇ ಕೊಡಬೇಕು, ಅಜ್ಜಿಯ ಹತ್ತಿರ ಯಾರೂ ಕೇಳುವಂತಿಲ್ಲ.

ಕರಾರು 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ನಾಲ್ವರ ಹೆಸರೂ ಇರಲಿ ಅಂತ ಹಟ ಹಿಡಿದವನು ಬ್ಯಾಂಕಿನವನು. ಅವನು ಹಳೇ ತೆರಿಗೆ ಪದ್ಧತಿಯಲ್ಲಿದ್ದ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ ತನ್ನ ಪಾಲಿನ ರಸೀದಿ ಬೇಕಿತ್ತು.

ದುಡ್ಡಿನ ವಿಷಯಕ್ಕೆ ನಾವು ಜಗಳವಾಡಿದ್ದೇ ಇಲ್ಲ. ಆಡಿದ್ದು ನೀರಿಗೆ.

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಹೊತ್ತು ಗೊತ್ತಿಲ್ಲ. ಬಂದಾಗ ನಲ್ಲಿಗೆ ಪೈಪು ಸಿಕ್ಕಿಸಿ ಸಂಪಿಗೆ ಬಿಡಬೇಕು, ತುಂಬಿದ ಕೂಡಲೇ ನಿಲ್ಲಿಸಬೇಕು. ಅದಕ್ಕೊಂದು ಪಾಳಿ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆವು. ಮೇ ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ನೀರು ಬಂತು. ಮೂವರು ಕೆಲಸದಲ್ಲಿ, ನಾನು ಕಿವಿಗೆ ಹತ್ತಿ ತುರುಕಿಕೊಂಡು ನಿದ್ದೆಯಲ್ಲಿ. ಅಜ್ಜಿ ಬಾಗಿಲು ಬಡಿದು ಬಡಿದು ಬೈದು ಹೋದರಂತೆ. ರಾತ್ರಿ ಸಂಪಿನ ಮುಚ್ಚಳ ತೆಗೆದರೆ ತಳದಲ್ಲಿ ಒಂದು ಗೇಣು ಕೆಸರು ನೀರು, ಅದರಲ್ಲಿ ಮುರಿದ ಪ್ಲಾಸ್ಟಿಕ್ ಮಗ್. “ಮನ್ಯಾಗ ಇದ್ದವ ನೀನೊಬ್ನೇ” ಅಂದರು ಮೂವರೂ. “ಇದ್ದೆ, ಎಚ್ಚರ ಇದ್ದಿಲ್ಲ” ಅಂದೆ. ಎರಡು ದಿನ ಮಾತಿಲ್ಲ, ಟ್ಯಾಂಕರ್ ದುಡ್ಡನ್ನು ಮುಖ ನೋಡದೆ ಫೋನ್‌ಪೇ ಮಾಡಿಕೊಂಡೆವು.

ಕೊನೆಗೆ ಪ್ಲಂಬರ್ ಬಂದು ನಲ್ಲಿಯಿಂದ ಸಂಪಿಗೆ ನೇರ ಲೈನ್ ಎಳೆದು ಬಾಲ್ ವಾಲ್ವ್ ಕೂರಿಸಿದ. ಈಗ ನೀರು ಬಂದರೆ ತಾನೇ ತುಂಬುತ್ತೆ, ತಾನೇ ನಿಲ್ಲುತ್ತೆ. ಪಾಳಿ ಪಟ್ಟಿ ಹರಿದು ಬಿಸಾಕಿದೆವು. ಹಂಚಿಕೊಂಡು ಇರುವವರು ಟಿವಿ, ಸೋಫಾ ಕೊಳ್ಳುವ ಮೊದಲು ಇಂಥದ್ದಕ್ಕೆ ಖರ್ಚು ಮಾಡಿ.

ಕರೆಂಟಿನದು ಸಣ್ಣ ಕತೆ. ಆರ್‌ಆರ್ ನಂಬರಿಗೆ ಹಿಂದಿನ ಬಾಡಿಗೆದಾರನ ಆಧಾರ್ ಜೋಡಣೆಯಾಗಿತ್ತು. ಅದನ್ನು ಬಿಡಿಸಿ ನನ್ನದನ್ನು ಜೋಡಿಸಿದ ಮೇಲೆ ಗೃಹಜ್ಯೋತಿಯ ಉಚಿತ ಕರೆಂಟು ಸಿಕ್ಕಿತು. ಆದರೆ ಬಳ್ಳಾರಿಯ ಬಿಸಿಲಿಗೆ ಎರಡು ಕೂಲರ್ ಓಡಿದರೆ 200 ಯೂನಿಟ್ ಎಲ್ಲಿ ನಿಲ್ಲುತ್ತೆ? ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಬೇಸಿಗೆಯಲ್ಲಿ ಲೆಕ್ಕದವನು ದಿನಾ ಮೀಟರ್ ಫೋಟೊ ಹಾಕುತ್ತಾನೆ. ಸಂಜೆಗೆ ರೊಟ್ಟಿ ಹೊರಗಿಂದ, ಬೆಳಗ್ಗೆ ಮೂಲೆಯ ಬಂಡಿಯ ಒಗ್ಗರಣೆ-ಮಿರ್ಚಿ. ಅಡುಗೆಯ ಗೋಜಿಗೇ ಹೋಗಲಿಲ್ಲ.

ಮೊನ್ನೆ ಬ್ಯಾಂಕಿನವನಿಗೆ ಕೊಪ್ಪಳಕ್ಕೆ ವರ್ಗವಾಯಿತು. ಬಂದ ಹೊಸಬನೂ ನಮ್ಮ ಕಾರ್ಖಾನೆಯವನೇ, ಅವನಿಗೂ ನೈಟ್ ಶಿಫ್ಟ್, ಅವನಿಗೂ ಕತ್ತಲೆ ಬೇಕು. ಹಿಂದಿನ ಕೋಣೆಗೆ ಇನ್ನೊಂದು ಮಂಚ ಹಾಕಿ ನಾವಿಬ್ಬರೂ 3,000ಕ್ಕೆ ಇಳಿದೆವು. ಮುಂದಿನ ಕೋಣೆ ಪೂರ್ತಿ ಸಿಕ್ಕಿದ ಲೆಕ್ಕದವನು 4,500ಕ್ಕೆ ಏರಿದ್ದಾನೆ, ಇನ್ನೂ ಗೊಣಗುತ್ತಿದ್ದಾನೆ.