ಸಕ್ಯುಲೆಂಟ್ ತುಂಡಿಗೆ ಮೊದಲು ಬೇಕಿರುವುದು ನೀರಲ್ಲ

ಸಕ್ಯುಲೆಂಟ್ ಅಂದರೆ ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಅದರ ತುಂಡನ್ನು ಕತ್ತರಿಸಿದ ಕೂಡಲೇ ನಾನು ನೆಡುವುದಿಲ್ಲ, ನೀರಿಗೂ ಇಡುವುದಿಲ್ಲ. ಗಾಳಿಯಾಡುವ, ನೇರ ಬಿಸಿಲು ಬೀಳದ ಜಾಗದಲ್ಲಿ ಕಾಗದದ ಮೇಲೆ ಸುಮ್ನೆ ಮಲಗಿಸಿಡುತ್ತೇನೆ. ಮೊದಲು ಗಾಯ ಮಾಯಬೇಕು. ಹಸಿ ಗಾಯ ಒದ್ದೆ ಮಣ್ಣಿಗೆ ತಾಗಿದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಸೆಡಮ್‌ನಂಥ ತೆಳು ಕಡ್ಡಿಗೆ 2–3 ದಿನ ಸಾಕು. ಜೇಡ್ ಗಿಡದ ದಪ್ಪ ಕಾಂಡಕ್ಕೆ ಒಂದು ವಾರವೂ ಹಿಡಿಯುತ್ತದೆ. ಕತ್ತರಿಸಿದ ಜಾಗ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಇನ್ನೂ ಬಿಡಿ, ಒಣಗಿ ಗಟ್ಟಿಯಾಗಿದ್ದರೆ ನೆಡಿ. ಅಷ್ಟು ದಿನ ನೀರಿಲ್ಲದೆ ಸಾಯುವುದಿಲ್ಲವೇ ಅಂತ ತುಂಬಾ ಜನ ಕೇಳುತ್ತಾರೆ. ಎಲೆಯೊಳಗೇ ನೀರು ಕೂಡಿಟ್ಟುಕೊಂಡಿರುತ್ತದೆ ಅಲ್ವಾ, ಅದೇ ಸಾಕು.

ನನಗೆ ಜಾಸ್ತಿ ಇಷ್ಟ ಎಲೆಯಿಂದ ಗಿಡ ಮಾಡುವುದು. ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡಿರುವ ಎಕೆವೇರಿಯಾದ ಕೆಳಗಿನ ತುಂಬಿದ ಎಲೆಯನ್ನು ಹಿಡಿದು ಮೆಲ್ಲಗೆ ಎಡಕ್ಕೆ, ಬಲಕ್ಕೆ ಅಲ್ಲಾಡಿಸುತ್ತೇನೆ. ಬುಡದ ಸಮೇತ ಕಳಚಿ ಬರಬೇಕು. ಹೊಸ ಗಿಡ ಹುಟ್ಟುವುದು ಆ ಬುಡದಲ್ಲೇ, ಹಾಗಾಗಿ ಅರ್ಧಕ್ಕೆ ಹರಿದ ಎಲೆಯನ್ನು ಇಟ್ಟು ಪ್ರಯೋಜನವಿಲ್ಲ. ಗಾಯ ಒಣಗಿದ ಮೇಲೆ ಎಲೆಗಳನ್ನು ಮಣ್ಣಿನ ಮೇಲೆ ಹಾಗೇ ಇಡುತ್ತೇನೆ, ಹೂಳುವುದಿಲ್ಲ. ಕೆಲವು ವಾರಗಳಲ್ಲಿ ಬುಡದಿಂದ ಗುಲಾಬಿ ಬಣ್ಣದ ನೂಲಿನಂಥ ಬೇರುಗಳು ಇಳಿಯುತ್ತವೆ. ಪಕ್ಕದಲ್ಲೇ ಪುಟ್ಟ ಮರಿ ಕಾಣಿಸುತ್ತದೆ. ಎಲೆಗಳೆಲ್ಲ ಆಗಲೇ ಮೂಡಿರುತ್ತವೆ, ಗಾತ್ರ ಮಾತ್ರ ಅಷ್ಟೇ ಅಷ್ಟು. ಬೇರು ಮೇಲೆಯೇ ಉಳಿದರೆ ಒಂದು ಚಿಟಿಕೆ ಮಣ್ಣು ಉದುರಿಸಿ ಮುಚ್ಚಿ, ಒಣಗಲು ಬಿಡಬೇಡಿ. ಹಳೆ ಎಲೆ ಮರಿಗೆ ಉಣಿಸುತ್ತಾ ತಾನು ಸುಕ್ಕಾಗುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಅದನ್ನು ಕೀಳಬಾರದು, ಪೂರ್ತಿ ಒಣಗಿ ತಾನಾಗಿ ಬೀಳಲಿ. ಕೆಲವು ಎಲೆಗಳು ಬರೀ ಬೇರು ಬಿಟ್ಟು ಮರಿ ಹಾಕದೆ ಮುಗಿದುಹೋಗುತ್ತವೆ. ಅದಕ್ಕೇ ನಾನು ಒಟ್ಟಿಗೆ ಹತ್ತಾರು ಎಲೆ ಇಡುತ್ತೇನೆ.

ಎಲ್ಲ ಜಾತಿಗೂ ಎಲೆಯಿಂದ ಮಾಡುವ ಈ ವಿಧಾನ ನಡೆಯುವುದಿಲ್ಲ. ಇಯೋನಿಯಂಗೆ ಕಾಂಡದ ತುಂಡೇ ಬೇಕು. ಹಳದಿ ಅಂಚಿನ ಸ್ಯಾನ್ಸೆವೇರಿಯಾದ (ಸ್ನೇಕ್ ಪ್ಲಾಂಟ್) ಎಲೆ ತುಂಡು ನೆಟ್ಟರೆ ಬರುವ ಮರಿಗಳು ಬರೀ ಹಸಿರು. ಆ ಅಂಚು ಬೇಕೆಂದರೆ ಬುಡದಿಂದ ಗಡ್ಡೆ ಸಮೇತ ಬೇರ್ಪಡಿಸಿ ನೆಡಬೇಕು.

ಮಣ್ಣಿಗೆ ಅರ್ಧದಷ್ಟು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಬೆರೆಸುತ್ತೇನೆ. ನುಣ್ಣನೆ ಮರಳು ಬೇಡ, ಅದು ಸಂದುಗಳನ್ನು ಮುಚ್ಚಿಬಿಡುತ್ತದೆ. ಕುಂಡಕ್ಕೆ ತೂತು ಇರಲೇಬೇಕು. ಕಾಂಡದ ತುಂಡನ್ನು ಒಣ ಮಣ್ಣಿಗೇ ನೆಟ್ಟು ಕೆಲವು ದಿನ ಬಿಟ್ಟು ನೀರು ಹಾಕುತ್ತೇನೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ ಅಂತ. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ನೀರು, ಹಾಕಿದರೆ ತಳದಿಂದ ಹರಿಯುವಷ್ಟು. ಬಿಸಿಲನ್ನೂ ಒಮ್ಮೆಲೇ ಕೊಡಬೇಡಿ, ಎಳೆ ಎಲೆ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು. ಬೆಳಕು ಸಾಲದೆ ಉದ್ದಕ್ಕೆ ಎಳೆದುಕೊಂಡ ಎಕೆವೇರಿಯಾದ ತಲೆ ಕತ್ತರಿಸಿ ನೆಟ್ಟ ಮೇಲೆ, ಉಳಿದ ಮೋಟನ್ನು ಎಸೆಯಬೇಡಿ. ಒಂದೆರಡು ಎಲೆ ಬಿಟ್ಟು ಬೆಳಕಿನಲ್ಲಿಟ್ಟರೆ ಅದರ ಪಕ್ಕದಿಂದಲೂ ಮರಿಗಳು ಒಡೆಯುತ್ತವೆ. ನನ್ನ ಬಳಿ ಇರುವ ಎಕೆವೇರಿಯಾಗಳಲ್ಲಿ ಹೆಚ್ಚಿನವು ಬಂದಿದ್ದು ಹೀಗೆಯೇ.