ಹಳೆಯ ಆಟೋಪೈಲಟ್‌ಗೆ ಹೊಸ ಪ್ಲಾಟರ್ ಜೋಡಿಸಿದ ಅನುಭವ

ಸೌತಾಂಪ್ಟನ್‌ನಲ್ಲಿರುವ ನನ್ನ ಹಾಯಿದೋಣಿಯ ಹಳೆಯ ಆಟೋಪೈಲಟ್ (ಚುಕ್ಕಾಣಿಯನ್ನು ತಾನೇ ತಿರುಗಿಸುವ ಯಂತ್ರ), ಹೊಸ ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಸ್ಥಾನ ಮತ್ತು ಮಾರ್ಗ ತೋರಿಸುವ ಪರದೆ) ಜೋಡಿಸಿದ ಮೇಲೂ ದಿಕ್ಸೂಚಿಯ ದಿಕ್ಕನ್ನು ಸರಿಯಾಗಿಯೇ ಹಿಡಿಯುತ್ತಿತ್ತು. ಆದರೆ ಪ್ಲಾಟರ್‌ನ ಮಾರ್ಗವನ್ನು ಹಿಡಿಯಲು ಟ್ರ್ಯಾಕ್ ಗುಂಡಿ ಒತ್ತಿದೊಡನೆ ‘ನೋ ಡೇಟಾ’ ಎಂದು ತೋರಿಸುತ್ತಿತ್ತು. ಕೇಬಲ್ ಬದಲಿಸಿದೆ, ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿದೆ, ಪ್ಲಾಟರ್‌ನ ಸಾಫ್ಟ್‌ವೇರ್ ನವೀಕರಿಸಿದೆ, ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಕೊನೆಗೆ ಯುಎಸ್‌ಬಿ-ಸೀರಿಯಲ್ ತಂತಿಯ ಮೂಲಕ ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ, 4800 ಬಾಡ್ (ಸೆಕೆಂಡಿಗೆ ಇಷ್ಟು ಬಿಟ್) ವೇಗದಲ್ಲಿ ಅರ್ಥವಿಲ್ಲದ ಅಕ್ಷರಗಳೂ 38400ರಲ್ಲಿ ಸ್ಪಷ್ಟ ವಾಕ್ಯಗಳೂ, ಅಂದರೆ ಮಾಹಿತಿಯ ಸಾಲುಗಳೂ, ಕಂಡವು. ಎಐಎಸ್‌ಗೆ (ಸುತ್ತಲಿನ ಹಡಗುಗಳ ಗುರುತು, ಸ್ಥಾನ ತಿಳಿಸುವ ಸಾಧನ) ಹೊಂದುವ ವೇಗದಲ್ಲೇ ಪ್ಲಾಟರ್ ಮಾತನಾಡುತ್ತಿತ್ತು. ಎನ್‌ಎಂಇಎ 0183 (ದೋಣಿಯ ಸಾಧನಗಳು ಮಾಹಿತಿ ಹಂಚಿಕೊಳ್ಳುವ ಹಳೆಯ ಮಾನಕ) ಬಳಸುವ ನನ್ನ ಹಳೆಯ ಪೈಲಟ್‌ಗೆ ತಿಳಿಯುವುದು 4800 ಮಾತ್ರ.

ಎಐಎಸ್ ಅನ್ನು ಎರಡನೆಯ ಪೋರ್ಟ್‌ಗೆ ಸರಿಸಿ, ಮೊದಲನೆಯದನ್ನು 4800ಕ್ಕೆ ಇಳಿಸಿದೆ. ಈ ವೇಗದಲ್ಲಿ ಸೆಕೆಂಡಿಗೆ ಸುಮಾರು 480 ಅಕ್ಷರಗಳಷ್ಟೇ ಹೋಗುವುದರಿಂದ, ಮತ್ತು ಒಂದು ವಾಕ್ಯ 82 ಅಕ್ಷರಗಳವರೆಗೆ ಇರಬಹುದಾದ್ದರಿಂದ, ಉಪಗ್ರಹಗಳ ವಿವರ ಕೊಡುವ ಜಿಎಸ್‌ವಿ, ಜಿಎಸ್‌ಎ ಮುಂತಾದ ವಾಕ್ಯಗಳನ್ನು ನಿಲ್ಲಿಸಿ, ಮಾರ್ಗ ಮತ್ತು ಸ್ಥಾನ ತಿಳಿಸುವ ಎಪಿಬಿ, ಆರ್‌ಎಂಬಿ, ಆರ್‌ಎಂಸಿ ಮೂರನ್ನೇ ಉಳಿಸಿದೆ. ಪ್ಲಾಟರ್‌ನ ದಿಕ್ಕಿನ ಲೆಕ್ಕವನ್ನು ಮ್ಯಾಗ್ನೆಟಿಕ್‌ಗೆ, ಅಂದರೆ ದಿಕ್ಸೂಚಿ ತೋರಿಸುವ ಉತ್ತರಕ್ಕೆ, ಬದಲಿಸಿದೆ. ಇದನ್ನು ಮರೆಯುವುದು ಬಹಳ ಸುಲಭ. ಬಳಿಕ ಎರಡನ್ನೂ ಆರಿಸಿ, ಮೊದಲು ಪ್ಲಾಟರ್ ಹಚ್ಚಿ, ಮಾರ್ಗ ಆರಂಭಿಸಿ, ಆಮೇಲೆ ಪೈಲಟ್ ಹಚ್ಚಿ ಆಟೋ, ನಂತರ ಟ್ರ್ಯಾಕ್ ಒತ್ತಿದಾಗ ಪೈಲಟ್ ಮಾರ್ಗವನ್ನು ಹಿಡಿಯಿತು.